ಶಾಖವನ್ನು ಎತ್ತುವ ಪಂಪು: ಕೆಲ್ವಿನ್‌ನ ಲೆಕ್ಕ ಮತ್ತು ದೊಡ್ಡ ಮನೆಯ ಲೆಕ್ಕ



ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ರೆಫ್ರಿಜರೇಟರ್ ಇದ್ದರೆ, ಅದು ನಡೆಯುತ್ತಿರುವಾಗ ಅದರ ಹಿಂಬದಿಯ ಅಥವಾ ಪಕ್ಕದ ಗೋಡೆಯ ಬಳಿ ಕೈ ಹಿಡಿದು ನೋಡಿ. ಒಳಗೆ ಹಾಲು, ಮೊಸರು ತಣ್ಣಗಿರುತ್ತವೆ. ಹೊರಗೆ ಮಾತ್ರ ಬೆಚ್ಚನೆಯ ಅನುಭವವಾಗುತ್ತದೆ. ಈ ಬಿಸಿ ಎಲ್ಲಿಂದ ಬಂತು? ಅದರಲ್ಲಿ ಬಹುಪಾಲು ಒಳಗಿನಿಂದಲೇ ಬಂದದ್ದು. ಯಂತ್ರವು ಶಾಖವನ್ನು ತಣ್ಣನೆಯ ಜಾಗದಿಂದ ಎತ್ತಿ ಬೆಚ್ಚನೆಯ ಜಾಗಕ್ಕೆ ಸಾಗಿಸಿತು. ಇದೇ ಕೆಲಸವನ್ನು ಒಂದು ಮನೆಯನ್ನು ಬೆಚ್ಚಗಿಡುವುದಕ್ಕಾಗಿ ಮಾಡಿದರೆ ಆ ಯಂತ್ರವನ್ನು ಶಾಖ ಪಂಪು, ಅಂದರೆ ಹೀಟ್ ಪಂಪ್ ಎಂದು ಕರೆಯುತ್ತಾರೆ.

ಪಂಪು ಎಂಬ ಮಾತು ಇಲ್ಲಿ ಬಹಳ ಸೂಕ್ತವಾಗಿದೆ. ಕೊಳವೆಬಾವಿಯ ಪಂಪು ನೀರನ್ನು ತಯಾರಿಸುವುದಿಲ್ಲ. ಕೆಳಗಿದ್ದ ನೀರನ್ನು ಮೇಲಕ್ಕೆ ಎತ್ತುತ್ತದೆ. ಅರವತ್ತು ಅಡಿಯಿಂದ ಎತ್ತಲು ಸ್ವಲ್ಪ ವಿದ್ಯುತ್ ಸಾಕು, ಆರುನೂರು ಅಡಿಯಿಂದ ಎತ್ತಲು ಬಹಳ ಬೇಕು. ಶಾಖದ ವಿಷಯವೂ ಹೀಗೆಯೇ. ಹೊರಗಿನ ಚಳಿಗೂ ಒಳಗಿನ ಬಿಸಿಗೂ ಇರುವ ಅಂತರವೇ ಇಲ್ಲಿ ಬಾವಿಯ ಆಳ.

ನಮ್ಮ ನಾಡಿನ ಬಹುತೇಕ ಊರುಗಳಲ್ಲಿ ಮನೆಯನ್ನು ಬಿಸಿ ಮಾಡುವ ಪ್ರಮೇಯವೇ ಬರುವುದಿಲ್ಲ. ಆದರೆ ಅಮೆರಿಕದ ಉತ್ತರ ರಾಜ್ಯಗಳಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೆ ಇದು ಪ್ರತಿ ಚಳಿಗಾಲದ ಪ್ರಶ್ನೆ. ಅಲ್ಲಿನ ದೊಡ್ಡ ಮನೆಗಳಲ್ಲಿ ತಗಡಿನ ಗಾಳಿನಾಳಗಳು ಅಟ್ಟದಲ್ಲೋ ನೆಲಮಾಳಿಗೆಯಲ್ಲೋ ಹಾಯ್ದು ಪ್ರತಿ ಕೋಣೆಗೂ ಬಿಸಿಗಾಳಿಯನ್ನು ಒಯ್ಯುತ್ತವೆ. ಹಳೆಯ ಅನಿಲ ಕುಲುಮೆ ಕೆಟ್ಟಾಗ ಮನೆಯವರ ಮುಂದೆ ಒಂದು ಪ್ರಶ್ನೆ ನಿಲ್ಲುತ್ತದೆ: ಅದೇ ನಾಳಗಳಿಗೆ ಜೋಡಿಸಬಹುದಾದ, ಕಡಿಮೆ ಬೆಲೆಯ ಒಂದು ಶಾಖ ಪಂಪನ್ನು ಕೊಳ್ಳಬಹುದೇ? ಇದಕ್ಕೆ ಅಂಗಡಿಯವನ ಉತ್ತರ ಒಂದು ಬಗೆಯದು, ಇತಿಹಾಸದ ಉತ್ತರ ಇನ್ನೊಂದು ಬಗೆಯದು. ಇತಿಹಾಸವನ್ನು ಮೊದಲು ಕೇಳೋಣ.

1824ರಲ್ಲಿ ಫ್ರಾನ್ಸಿನ ಯುವ ಎಂಜಿನಿಯರ್ ಸಾದಿ ಕಾರ್ನೋ, ಬಿಸಿ ಜಾಗದಿಂದ ತಂಪು ಜಾಗಕ್ಕೆ ಹರಿಯುವ ಶಾಖದಿಂದ ಎಷ್ಟು ಕೆಲಸ ಪಡೆಯಬಹುದೆಂದು ವಿಚಾರ ಮಾಡಿದ. ಅವನ ವಿಚಾರವನ್ನು ಮುಂದುವರಿಸಿದವರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ವಿಲಿಯಂ ಥಾಮ್ಸನ್ ಪ್ರಮುಖ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದವನು ಇವನೇ. 22ನೆಯ ವಯಸ್ಸಿಗೇ ಪ್ರಾಧ್ಯಾಪಕನಾಗಿದ್ದ ಈತ 1852ರಲ್ಲಿ ಒಂದು ಪ್ರಬಂಧ ಮಂಡಿಸಿದ. ಕಟ್ಟಡಗಳನ್ನು ಗಾಳಿಯ ಪ್ರವಾಹದಿಂದ ಮಿತವ್ಯಯವಾಗಿ ಬಿಸಿ ಮಾಡುವುದು ಅಥವಾ ತಂಪು ಮಾಡುವುದು ಹೇಗೆ ಎಂಬುದೇ ಅದರ ವಿಷಯ. ಹೊರಗಿನ ಗಾಳಿಯನ್ನು ಒಂದು ಉರುಳೆಯಲ್ಲಿ ಹಿಗ್ಗಲು ಬಿಟ್ಟರೆ ಅದು ತಣ್ಣಗಾಗುತ್ತದೆ. ಹಾಗೆ ತಣ್ಣಗಾದ ಗಾಳಿ ಲೋಹದ ಪಾತ್ರೆಯೊಂದರಲ್ಲಿ ಹೊರಗಿನ ವಾತಾವರಣದಿಂದ ಶಾಖ ಹೀರಿಕೊಳ್ಳುತ್ತದೆ. ಬಳಿಕ ಅದನ್ನು ಇನ್ನೊಂದು ಉರುಳೆಯಲ್ಲಿ ಒತ್ತಿದರೆ ಬಿಸಿಯಾಗಿ ಕೋಣೆಗೆ ಬರುತ್ತದೆ. ಕಲ್ಲಿದ್ದಲನ್ನು ನೇರವಾಗಿ ಸುಡುವುದಕ್ಕಿಂತ, ಅದರಿಂದ ಯಂತ್ರ ನಡೆಸಿ ಶಾಖವನ್ನು ಎತ್ತುವುದೇ ಲಾಭಕರ ಎಂದು ಆತ ತೋರಿಸಿದ. ಗಮನಿಸಿ, ಇದು ಗಾಳಿಯ ಮೂಲಕವೇ ಮನೆಯನ್ನು ಬಿಸಿ ಮಾಡುವ ಯೋಜನೆ. ಇಂದಿನ ನಾಳದ ಶಾಖ ಪಂಪಿನ ಮೂಲ ಕಲ್ಪನೆ ಹೀಗೆ 170 ವರ್ಷಗಳಿಗೂ ಹಳೆಯದು.

ಹಾಗಾದರೆ ಅದು ಆಗಲೇ ಏಕೆ ಮನೆಮನೆಗೆ ಬರಲಿಲ್ಲ? ಕಾರಣ ಸರಳ. ಬ್ರಿಟನ್ನಿನಲ್ಲಿ ಕಲ್ಲಿದ್ದಲು ಯಥೇಚ್ಛವಾಗಿತ್ತು, ಅಗ್ಗಿಷ್ಟಿಕೆ ಅಗ್ಗವಾಗಿತ್ತು, ಮನೆಗಳಿಗೆ ವಿದ್ಯುತ್ ಇನ್ನೂ ಬಂದಿರಲಿಲ್ಲ. ಲೆಕ್ಕ ಸರಿಯಿದ್ದರೂ ಅದನ್ನು ಕೇಳುವ ಅಗತ್ಯ ಯಾರಿಗೂ ಇರಲಿಲ್ಲ.

ಇಂಧನ ದುರ್ಲಭವಾದ ಕಡೆ ಈ ವಿಚಾರ ಚಿಗುರಿತು. 1850ರ ದಶಕದಲ್ಲಿ ಆಸ್ಟ್ರಿಯಾದ ಪೀಟರ್ ಫಾನ್ ರಿಟ್ಟಿಂಗರ್ ಎಬೆನ್ಸೇ ಎಂಬಲ್ಲಿನ ಉಪ್ಪಿನ ಕಾರ್ಖಾನೆಯಲ್ಲಿ ಒಂದು ಪ್ರಯೋಗ ನಡೆಸಿದ. ಉಪ್ಪುನೀರನ್ನು ಕುದಿಸಲು ಅಪಾರವಾದ ಸೌದೆ ಬೇಕಾಗುತ್ತಿತ್ತು. ಮೇಲೇಳುವ ಹಬೆಯನ್ನು ನೀರಿನ ಶಕ್ತಿಯಿಂದ ಒತ್ತಿ, ಹೆಚ್ಚು ಬಿಸಿಯಾದ ಅದೇ ಹಬೆಯಿಂದ ಮತ್ತೆ ಉಪ್ಪುನೀರನ್ನು ಕಾಯಿಸುವುದು ಅವನ ಉಪಾಯ. ಶಾಖವನ್ನು ಎತ್ತಿ ಬಳಸುವ ಮೊದಲ ಪ್ರಾಯೋಗಿಕ ಯಂತ್ರವೆಂದು ಇದನ್ನು ಗುರುತಿಸುತ್ತಾರೆ.

1920ರ ದಶಕದ ಕೊನೆಯಲ್ಲಿ ಎಂಜಿನಿಯರ್ ಹಾಲ್ಡೇನ್ ಸ್ಕಾಟ್ಲೆಂಡಿನ ತನ್ನ ಸ್ವಂತ ಮನೆಯಲ್ಲೇ ಶಾಖ ಪಂಪನ್ನು ಪರೀಕ್ಷಿಸಿ 1930ರಲ್ಲಿ ಅದರ ವಿವರ ಪ್ರಕಟಿಸಿದ. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಾತನ ಪುರಭವನಕ್ಕೆ ಶಾಖ ಪಂಪು ಬಂದಿತು. ಪಕ್ಕದಲ್ಲೇ ಹರಿಯುವ ಲಿಮ್ಮಾಟ್ ನದಿಯ ತಣ್ಣೀರಿನಿಂದ ಅದು ಶಾಖವನ್ನು ಎತ್ತುತ್ತಿತ್ತು. ಸ್ವಿಟ್ಜರ್ಲೆಂಡಿನಲ್ಲಿ ಕಲ್ಲಿದ್ದಲು ಇಲ್ಲ, ಜಲವಿದ್ಯುತ್ ಇದೆ. ಯುದ್ಧದ ಮೋಡ ಕವಿಯುತ್ತಿದ್ದ ಕಾಲವದು. ಆ ಯಂತ್ರವನ್ನು ಬದಲಾಯಿಸಿದ್ದು 2001ರಲ್ಲಿ. ಅಂದರೆ ಅದು 63 ವರ್ಷ ದುಡಿಯಿತು!

ಇಂಗ್ಲೆಂಡಿನ ನಾರ್ವಿಚ್ ನಗರದ ಕಥೆ ಇನ್ನೂ ಸ್ವಾರಸ್ಯಕರ. ಅಲ್ಲಿನ ವಿದ್ಯುತ್ ವಿಭಾಗದ ಜಾನ್ ಸಮ್ನರ್, ಯುದ್ಧಕಾಲದ ಅಭಾವದ ನಡುವೆ ಹಳೆಯ ಸಂಕೋಚಕ ಮತ್ತು ಕೈಗೆ ಸಿಕ್ಕ ಬಿಡಿಭಾಗಗಳನ್ನು ಸೇರಿಸಿ 1945ರಲ್ಲಿ ಒಂದು ಶಾಖ ಪಂಪನ್ನು ಕಟ್ಟಿದ. ವೆನ್ಸಮ್ ನದಿಯ ನೀರೇ ಅದರ ಶಾಖದ ಮೂಲ. ಆ ಯಂತ್ರ ತಾನು ಬಳಸಿದ ವಿದ್ಯುತ್ತಿನ ಮೂರು ಪಟ್ಟಿಗೂ ಹೆಚ್ಚು ಶಾಖವನ್ನು ಕಟ್ಟಡಕ್ಕೆ ಒದಗಿಸಿತು. ಅಗ್ಗದ ಯಂತ್ರವೂ ಚೆನ್ನಾಗಿ ನಡೆಯಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಒಂದು ಮಾತು ನೆನಪಿಡಿ: ಅದನ್ನು ಕಟ್ಟಿದವನು ಲೆಕ್ಕ ಬಲ್ಲವನು, ಅದರ ಮೇಲೆ ಕಣ್ಣಿಟ್ಟವನು.

ಈ ಮಾತಿನ ಮಹತ್ವ ಅಮೆರಿಕದಲ್ಲಿ ಸ್ಪಷ್ಟವಾಯಿತು. 1948ರಲ್ಲಿ ಆರೆಗನ್ ರಾಜ್ಯದ ಪೋರ್ಟ್‌ಲೆಂಡಿನಲ್ಲಿ ಈಕ್ವಿಟಬಲ್ ಕಟ್ಟಡ ಸಿದ್ಧವಾಯಿತು. ಬಾವಿಯ ನೀರನ್ನು ಬಳಸುವ ಶಾಖ ಪಂಪು ಆ ದೊಡ್ಡ ಕಚೇರಿ ಕಟ್ಟಡವನ್ನು ಯಶಸ್ವಿಯಾಗಿ ಬೆಚ್ಚಗಿಟ್ಟಿತು. 1950ರ ದಶಕದಲ್ಲಿ ಮನೆಗಳಿಗಾಗಿ ಸಿದ್ಧ ಯಂತ್ರಗಳು ಮಾರುಕಟ್ಟೆಗೆ ಬಂದವು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬಿಸಿ, ಎರಡೂ ಒಂದೇ ಯಂತ್ರದಿಂದ! ಮಾರಾಟ ಏರಿತು. ಆದರೆ ತಂಪು ಮಾಡುವುದಕ್ಕೆಂದೇ ರೂಪಿಸಿದ್ದ ಸಂಕೋಚಕಗಳು ಚಳಿಗಾಲದ ದುಡಿಮೆಯನ್ನು ತಾಳಲಾರದೆ ಕೆಟ್ಟವು. ಜೋಡಿಸುವವರಿಗೂ ದುರಸ್ತಿ ಮಾಡುವವರಿಗೂ ತಕ್ಕ ತರಬೇತಿ ಇರಲಿಲ್ಲ. 1960ರ ದಶಕದಲ್ಲಿ ಶಾಖ ಪಂಪಿಗೆ ಕೆಟ್ಟ ಹೆಸರು ಬಂತು. ತತ್ತ್ವ ತಪ್ಪಿರಲಿಲ್ಲ, ಅವಸರ ತಪ್ಪಾಗಿತ್ತು.

1973ರ ತೈಲ ಬಿಕ್ಕಟ್ಟು ಜನರನ್ನು ಮತ್ತೆ ಇದರ ಕಡೆಗೆ ತಿರುಗಿಸಿತು. 1980ರ ದಶಕದ ಆರಂಭದಲ್ಲಿ ಜಪಾನಿನಲ್ಲಿ, ಅಗತ್ಯಕ್ಕೆ ತಕ್ಕಂತೆ ವೇಗ ಬದಲಾಯಿಸುವ ಇನ್ವರ್ಟರ್ ಸಂಕೋಚಕಗಳು ಮನೆಯ ಯಂತ್ರಗಳಿಗೆ ಬಂದವು. ಅವುಗಳ ಸುಧಾರಣೆಯಿಂದ ತೀವ್ರ ಚಳಿಯಲ್ಲೂ ಶಾಖ ಎತ್ತುವುದು ಸಾಧ್ಯವಾಯಿತು. 2022ರಲ್ಲಿ ಅಮೆರಿಕದ ಕಾರ್ಖಾನೆಗಳಿಂದ ಹೊರಟ ಶಾಖ ಪಂಪುಗಳ ಸಂಖ್ಯೆ ಅನಿಲ ಕುಲುಮೆಗಳ ಸಂಖ್ಯೆಯನ್ನು ಮೀರಿತು.

ಈಗ ನಮ್ಮ ದೊಡ್ಡ ಮನೆಗೆ ಬರೋಣ. ಯಂತ್ರದ ಗಾತ್ರವನ್ನು ಅಲ್ಲಿ ಟನ್ನುಗಳಲ್ಲಿ ಹೇಳುತ್ತಾರೆ. ಇದು ಯಂತ್ರದ ತೂಕವಲ್ಲ. ಮಂಜುಗಡ್ಡೆಯ ವ್ಯಾಪಾರ ನಡೆಯುತ್ತಿದ್ದ ಕಾಲದ ನೆನಪು ಈ ಮಾತಿನಲ್ಲಿದೆ: ಒಂದು ಟನ್ ಮಂಜುಗಡ್ಡೆ 24 ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖದ ದರವೇ ಒಂದು ಟನ್, ಅಂದರೆ ಸುಮಾರು 3.5 ಕಿಲೋವ್ಯಾಟ್. ಆದರೆ ಅಗ್ಗದ ಯಂತ್ರದ ಮೇಲೆ ಬರೆದ ಟನ್ನು ಕಡುಚಳಿಯಲ್ಲಿ ಅಳೆದದ್ದಲ್ಲ. ಹೊರಗೆ ಸೊನ್ನೆಗಿಂತ 15 ಡಿಗ್ರಿ ಕೆಳಗಿದ್ದಾಗ ಅದೇ ಯಂತ್ರ ಎಷ್ಟು ಕೊಡುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಇದರ ಕಾರಣವನ್ನು ನೀವೇ ಲೆಕ್ಕ ಹಾಕಬಹುದು. ಕಾರ್ನೋ ತೋರಿಸಿದ ಮಿತಿಯಂತೆ, ಒಳಗಿನ ನಿರಪೇಕ್ಷ ಉಷ್ಣತೆಯನ್ನು ಒಳಹೊರಗಿನ ಅಂತರದಿಂದ ಭಾಗಿಸಿ. ಒಳಗೆ 20 ಡಿಗ್ರಿ ಸೆಲ್ಸಿಯಸ್, ಅಂದರೆ 293 ಕೆಲ್ವಿನ್ ಇರಲಿ. ಹೊರಗೆ 0 ಡಿಗ್ರಿ ಇದ್ದರೆ 293ನ್ನು 20ರಿಂದ ಭಾಗಿಸಿ, ಸುಮಾರು 14.7 ಬರುತ್ತದೆ. ಹೊರಗೆ ಸೊನ್ನೆಗಿಂತ 20 ಡಿಗ್ರಿ ಕೆಳಗಿದ್ದರೆ ಭಾಗಿಸಬೇಕಾದದ್ದು 40ರಿಂದ, ಸುಮಾರು 7.3 ಮಾತ್ರ. ನಿಜವಾದ ಯಂತ್ರಗಳು ಈ ಆದರ್ಶದ ಒಂದು ಭಾಗವನ್ನಷ್ಟೇ ಮುಟ್ಟುತ್ತವೆ: ಹಿತವಾದ ಚಳಿಯಲ್ಲಿ 3 ಅಥವಾ 4, ಕಡುಚಳಿಯಲ್ಲಿ ಸುಮಾರು 2. ಮನೆಗೆ ಹೆಚ್ಚು ಶಾಖ ಬೇಕಾದ ದಿನವೇ ಯಂತ್ರದ ಬಲ ಕಡಿಮೆಯಾಗುತ್ತದೆ. ಆಗ ಅಗ್ಗದ ಯಂತ್ರದ ಒಳಗಿರುವ ವಿದ್ಯುತ್ ಕಾಯಿಲುಗಳು ಉರಿಯತೊಡಗುತ್ತವೆ. ಅವು ಒಂದು ಯೂನಿಟ್ಟಿಗೆ ಒಂದೇ ಯೂನಿಟ್ ಶಾಖ ಕೊಡುವಂಥವು.

ಇನ್ನು ಗಾಳಿನಾಳಗಳು. ಕುಲುಮೆಯಿಂದ ಬರುವ ಗಾಳಿ 50 ಡಿಗ್ರಿಗೂ ಹೆಚ್ಚು ಬಿಸಿ; ಶಾಖ ಪಂಪಿನ ಗಾಳಿ ಸಾಮಾನ್ಯವಾಗಿ 35-40 ಡಿಗ್ರಿ. ಅಷ್ಟೇ ಶಾಖ ಒಯ್ಯಲು ಹೆಚ್ಚು ಗಾಳಿ ಹರಿಯಬೇಕು. ಕುಲುಮೆಗೆಂದು ಮಾಡಿದ ಕಿರಿದಾದ ನಾಳಗಳಲ್ಲಿ ಅದು ಸದ್ದು ಮಾಡುತ್ತದೆ, ದೂರದ ಕೋಣೆಗಳು ತಣ್ಣಗೇ ಉಳಿಯುತ್ತವೆ. ಮೇಲಾಗಿ ಅಮೆರಿಕದ ಸಾಧಾರಣ ಮನೆಯ ನಾಳಗಳಲ್ಲಿ ಹರಿಯುವ ಗಾಳಿಯ 20ರಿಂದ 30 ಪ್ರತಿಶತ ಬಿರುಕುಗಳಲ್ಲಿ ಸೋರಿಹೋಗುತ್ತದೆ ಎಂದು ಅಲ್ಲಿನ ಸರ್ಕಾರದ ಎನರ್ಜಿ ಸ್ಟಾರ್ ಕಾರ್ಯಕ್ರಮವೇ ಹೇಳುತ್ತದೆ. ಇದು ತೂತು ಕೊಡದಲ್ಲಿ ನೀರು ಹೊತ್ತಂತೆ.

ಒಂದು ಕಲ್ಪಿತ ಲೆಕ್ಕ ಮಾಡೋಣ. ಮನೆಗೆ ವರ್ಷಕ್ಕೆ 20,000 ಯೂನಿಟ್ ಶಾಖ ಬೇಕು ಎಂದುಕೊಳ್ಳಿ. ಅಗ್ಗದ ಯಂತ್ರ ಸರಾಸರಿ 2.5 ಪಟ್ಟು, ದುಬಾರಿ ಯಂತ್ರ 3.2 ಪಟ್ಟು ಶಾಖ ಕೊಡುತ್ತದೆ. ನಾಳಗಳು ಸೋರದಿದ್ದರೆ ಅಗ್ಗದ್ದಕ್ಕೆ 8,000 ಯೂನಿಟ್ ವಿದ್ಯುತ್ ಸಾಕು, ದುಬಾರಿಯದಕ್ಕೆ 6,250. ಈಗ ನಾಳಗಳಲ್ಲಿ ಕಾಲುಭಾಗ ಶಾಖ ಸೋರುತ್ತದೆ ಎಂದಿಟ್ಟುಕೊಳ್ಳಿ. ಆಗ 26,667 ಯೂನಿಟ್ ಶಾಖ ಉತ್ಪಾದಿಸಬೇಕು. ದುಬಾರಿ ಯಂತ್ರಕ್ಕೇ 8,333 ಯೂನಿಟ್ ವಿದ್ಯುತ್ ಬೇಕು. ಫಲಿತಾಂಶ ನೋಡಿದಿರಾ? ಸರಿಯಾದ ನಾಳಗಳಿರುವ ಮನೆಯಲ್ಲಿನ ಅಗ್ಗದ ಯಂತ್ರ, ಸೋರುವ ನಾಳಗಳಿರುವ ಮನೆಯಲ್ಲಿನ ದುಬಾರಿ ಯಂತ್ರವನ್ನು ಸೋಲಿಸಿತು. ಸೋರುವ ನಾಳಗಳಿಗೆ ಅಗ್ಗದ ಯಂತ್ರವನ್ನೇ ಜೋಡಿಸಿದರೆ ಮಾತ್ರ 10,667 ಯೂನಿಟ್ ತೆರಬೇಕು. ದೊಡ್ಡ ಮನೆಯ ನಾಳಗಳು ಉದ್ದ, ಕೀಲುಗಳು ಹೆಚ್ಚು. ಆದ್ದರಿಂದ ಅಲ್ಲಿ ಈ ಅಪಾಯವೂ ಹೆಚ್ಚು.

ಶೀತಕದ ವಿಚಾರವನ್ನೂ ಮರೆಯುವಂತಿಲ್ಲ. ಓಜೋನ್ ಪದರವನ್ನು ಕಾಪಾಡಲು 1987ರ ಮಾಂಟ್ರಿಯಲ್ ಒಪ್ಪಂದ ಹಳೆಯ ಶೀತಕಗಳಿಗೆ ಕಡಿವಾಣ ಹಾಕಿತು. ಅವುಗಳ ಬದಲಿಗೆ ಬಂದ ಆರ್-410ಎ ಓಜೋನಿಗೆ ಹಾನಿ ಮಾಡದಿದ್ದರೂ ಭೂಮಿಯನ್ನು ಬಿಸಿಯಾಗಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು 2,000 ಪಟ್ಟು ಬಲಶಾಲಿ. 2016ರ ಕಿಗಾಲಿ ತಿದ್ದುಪಡಿ ಇಂಥ ಶೀತಕಗಳನ್ನು ಕಡಿಮೆ ಮಾಡಲು ಒಪ್ಪಿತು. 2025ರಿಂದ ಅಮೆರಿಕದ ಹೊಸ ಮನೆಯಂತ್ರಗಳು ಬೇರೆ ಶೀತಕಗಳಿಗೆ ಹೊರಳಿವೆ. ಹಳೆಯ ದಾಸ್ತಾನಿನ ಯಂತ್ರ ಅಗ್ಗವಾಗಿ ಸಿಗಬಹುದು. ಮುಂದೆ ಅದಕ್ಕೆ ಶೀತಕ ತುಂಬುವ ವೆಚ್ಚ ಏರಬಹುದು. ಸರ್ಕಾರದ ನೆರವನ್ನೂ ಶಾಶ್ವತವೆಂದು ನಂಬಲಾಗದು. 2022ರ ಕಾನೂನಿನಂತೆ ಯೋಗ್ಯ ಶಾಖ ಪಂಪುಗಳಿಗೆ ವರ್ಷಕ್ಕೆ 2,000 ಡಾಲರುಗಳವರೆಗೆ ಸಿಗುತ್ತಿದ್ದ ಕೇಂದ್ರ ತೆರಿಗೆ ರಿಯಾಯಿತಿ 2025ರ ಡಿಸೆಂಬರ್ 31ರೊಂದಿಗೆ ಮುಗಿಯಿತು.

ಹಾಗಾದರೆ ಅಗ್ಗದ ಯಂತ್ರ ಕೊಳ್ಳಲೇಬಾರದೇ? ಹಾಗೇನಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಜಾಣತನವೇ. ಆದರೆ ಮೊದಲು ಹಾಸಿಗೆಯನ್ನು ಅಳೆಯಬೇಕು. ಮನೆಯ ಪ್ರತಿ ಕೋಣೆಯ ಶಾಖದ ನಷ್ಟವನ್ನು ಲೆಕ್ಕ ಹಾಕಿಸಬೇಕು. ಅಟ್ಟಕ್ಕೆ ಉಷ್ಣನಿರೋಧಕ ಹೊದಿಸಿ, ನಾಳಗಳ ಬಿರುಕು ಮುಚ್ಚಿಸಬೇಕು. ಇದರಿಂದ ಬೇಕಾದ ಯಂತ್ರವೇ ಚಿಕ್ಕದಾಗಬಹುದು. ಆ ಊರಿನ ಅತಿ ಚಳಿಯ ದಿನ ಯಂತ್ರ ಎಷ್ಟು ಶಾಖ ಕೊಡುತ್ತದೆಂದು ಬರಹದಲ್ಲಿ ಕೇಳಬೇಕು. ಕೆಟ್ಟಾಗ ದುರಸ್ತಿ ಮಾಡಬಲ್ಲವರು ಹತ್ತಿರದಲ್ಲಿ ಇದ್ದಾರೆಯೇ ಎಂದು ವಿಚಾರಿಸಬೇಕು. ಇಷ್ಟಾದ ಮೇಲೆ ಅಗ್ಗದ ಯಂತ್ರವೇ ಸಾಕೆಂದು ಕಂಡರೆ ಧೈರ್ಯವಾಗಿ ಕೊಳ್ಳಬಹುದು.

ಈ ಯಂತ್ರದ ಇತಿಹಾಸ ನಮಗೆ ಹೇಳುವುದೂ ಇಷ್ಟೇ. ಕೆಲ್ವಿನ್‌ನ ಲೆಕ್ಕ 1852ರಲ್ಲಿ ಸರಿಯಿತ್ತು, ಇಂದಿಗೂ ಸರಿಯಿದೆ. ನದಿಯನ್ನೂ ಕಟ್ಟಡವನ್ನೂ ಯಂತ್ರವನ್ನೂ ಒಟ್ಟಿಗೆ ನೋಡಿದ ನಾರ್ವಿಚ್‌ನಲ್ಲಿ ಹಳೆಯ ಬಿಡಿಭಾಗಗಳೂ ಗೆದ್ದವು. ಬರೀ ಪೆಟ್ಟಿಗೆಯನ್ನು ಮಾರಿದ, ಬರೀ ಪೆಟ್ಟಿಗೆಯನ್ನು ಕೊಂಡ 1960ರ ದಶಕದಲ್ಲಿ ಹೊಸ ಯಂತ್ರಗಳೂ ಸೋತವು. ಮುಂದೊಂದು ದಿನ ನಿಮ್ಮಲ್ಲಿ ಯಾರಾದರೂ ಚಳಿನಾಡಿನಲ್ಲಿ ಮನೆ ಮಾಡಿದರೆ, ಅಥವಾ ಅಲ್ಲಿರುವ ಅಕ್ಕನೋ ಅಣ್ಣನೋ ಸಲಹೆ ಕೇಳಿದರೆ, ಯಂತ್ರದ ಬೆಲೆ ಎಷ್ಟೆಂದು ಕೇಳುವ ಮೊದಲು ನಾಳಗಳು ಹೇಗಿವೆ ಎಂದು ಕೇಳಿ.