ಮುಳುಗುವ ಹೊಲ, ಕೈಗೆ ಬರುವ ಇಡುಗಂಟು

2025ರ ಸೆಪ್ಟೆಂಬರ್ 16ರಂದು ರಾಜ್ಯದ ಸಚಿವ ಸಂಪುಟವು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಮುಳುಗಡೆಯಾಗುವ ಜಮೀನುಗಳಿಗೆ ಪರಿಹಾರದ ದರವನ್ನು ಗೊತ್ತುಪಡಿಸಿತು. ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣ ಬೇಸಾಯದ ಜಮೀನಿಗೆ 30 ಲಕ್ಷ ರೂಪಾಯಿ. ಆಲಮಟ್ಟಿ ಜಲಾಶಯದ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಿದಾಗ ನೀರಿನಡಿಗೆ ಹೋಗುವ ಭೂಮಿ 75 ಸಾವಿರ ಎಕರೆಗೂ ಹೆಚ್ಚು. ಈ ಸುದ್ದಿ ಪತ್ರಿಕೆಗಳಲ್ಲಿ ಬಂದ ಕೆಲವು ದಿನಗಳ ನಂತರ ಬಾಗಲಕೋಟೆಯ ಕಡೆಯ ಹಿರಿಯ ರೈತರೊಬ್ಬರು ನನ್ನನ್ನು ಕಾಣಲು ಬಂದರು. ವಯಸ್ಸು ಅರವತ್ತು ದಾಟಿದೆ; ಎರಡು ಎಕರೆ ಎರೆಭೂಮಿ; ಇಬ್ಬರು ಗಂಡುಮಕ್ಕಳು. ಅವರು ಕೇಳಿದ್ದು ಒಂದೇ ಪ್ರಶ್ನೆ: "ಫಾದರ್, ಹೊಲ ಇದ್ದಾಗ ಏನ್ ಮಾಡಬೇಕಂತ ಗೊತ್ತಿತ್ರಿ. ರೊಕ್ಕ ಬಂದ ಮ್ಯಾಲ ಏನ್ ಮಾಡಬೇಕ್ರಿ?"

ಗುರುಮಠದಲ್ಲಿ ನಮಗೆ ತತ್ತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ವರ್ಷಗಟ್ಟಲೆ ಕಲಿಸಿದರು. ಬಡ್ಡಿಯ ಲೆಕ್ಕವನ್ನು ಮಾತ್ರ ಕಲಿಸಲಿಲ್ಲ. ಆದುದರಿಂದ ಆ ದಿನ ನಾನು ಸರಿಯಾದ ಉತ್ತರ ಕೊಡಲಾರದೆ ಹೋದೆ. ಆದರೆ ಆ ಪ್ರಶ್ನೆ ಹೊಸದಲ್ಲ. ಈ ಸೀಮೆಯ ಜನ ಅದನ್ನು ಬಹುಕಾಲದಿಂದ ಬೇರೆಬೇರೆ ರೀತಿಯಲ್ಲಿ ಎದುರಿಸಿದ್ದಾರೆ. ಅವರಲ್ಲಿ ಗೆದ್ದವರಿದ್ದಾರೆ, ಸೋತವರೂ ಇದ್ದಾರೆ.

ಬಾದಾಮಿಯ ಮೂರನೆಯ ಗುಹಾಲಯವನ್ನು ನೋಡದವರು ನಮ್ಮಲ್ಲಿ ವಿರಳ. ಶಾಲಾ ಪ್ರವಾಸದಲ್ಲಿ ಮಕ್ಕಳನ್ನು ಕರೆದೊಯ್ದವರು ಅಲ್ಲಿಯ ಶಿಲ್ಪವನ್ನು ಕಂಡಿರುತ್ತಾರೆ. ಶಾಸನವನ್ನು ಗಮನಿಸಿದವರು ಕಡಿಮೆ. ಶಕವರ್ಷ 500, ಅಂದರೆ ಕ್ರಿ.ಶ. 578ರಲ್ಲಿ ಚಾಲುಕ್ಯ ಮಂಗಲೇಶನು ಆ ಗುಹಾಲಯವನ್ನು ಪೂರೈಸಿ, ಅಲ್ಲಿ ಪ್ರತಿದಿನ ಹದಿನಾರು ಮಂದಿ ಬ್ರಾಹ್ಮಣರ ಊಟಕ್ಕೆ ಏರ್ಪಾಡು ಮಾಡಿದನು, ಉಳಿದದ್ದು ಪರಿವ್ರಾಜಕರಿಗೆ. ಇದಕ್ಕಾಗಿ ಅವನು ಹೊನ್ನಿನ ಗಂಟನ್ನು ಇರಿಸಲಿಲ್ಲ, ಒಂದು ಊರನ್ನೇ ಕೊಟ್ಟನು. ಶಾಸನದಲ್ಲಿ ಆ ಊರಿನ ಹೆಸರು ಲಂಜೀಶ್ವರ. ಮಹಾಕೂಟದ ಬಳಿಯ ನಂದಿಕೇಶ್ವರವೇ ಅದೆಂದು ವಿದ್ವಾಂಸರು ಗುರುತಿಸಿದ್ದಾರೆ. ಆ ಊರಿನ ರೈತರನ್ನು ಯಾರಾದರೂ ಒಂದು ಮಾತು ಕೇಳಿದ್ದರೋ ಇಲ್ಲವೋ, ಅದು ಬೇರೆ ವಿಚಾರ. ನಮಗೆ ಇಲ್ಲಿ ಮುಖ್ಯವಾದುದು ಆ ಏರ್ಪಾಡಿನ ಹಿಂದಿನ ತಿಳಿವಳಿಕೆ. ಪ್ರತಿದಿನದ ಊಟಕ್ಕೆ ಪ್ರತಿವರ್ಷ ಬರುವ ಫಸಲೇ ಆಧಾರವಾಗಬೇಕು. ಗಂಟು ಕರಗುತ್ತದೆ, ಹುಟ್ಟುವಳಿ ಮರಳಿ ಬರುತ್ತದೆ.

ಅರಸನ ಈ ತಿಳಿವಳಿಕೆ ಒಕ್ಕಲಿಗನಿಗೂ ಇತ್ತು. ಮಳೆ ನೆಚ್ಚಲಾಗದ ನಾಡು ಇದು. 1876ರಿಂದ 1878ರವರೆಗಿನ ಭೀಕರ ಬರದಲ್ಲಿ ಅಂದಿನ ಕಲಾದಗಿ ಜಿಲ್ಲೆ ಅನುಭವಿಸಿದ ಸಂಕಟ ಅಪಾರ. ಈಗ ಬಾಗಲಕೋಟೆ ತಾಲ್ಲೂಕಿನ ಊರಾಗಿರುವ ಕಲಾದಗಿಯೇ ಆಗ ಜಿಲ್ಲೆಯ ಕೇಂದ್ರವಾಗಿತ್ತು. ಅಂಥ ದಿನಗಳಿಗಾಗಿ ಜನ ನೆಲದೊಳಗೆ ಹಗೇವು ತೋಡಿ, ಜೋಳ ತುಂಬಿ, ಬಾಯಿ ಮುಚ್ಚಿ ಮಣ್ಣೆಳೆಯುತ್ತಿದ್ದರು. ಒಳ್ಳೆಯ ಹಗೇವಿನಲ್ಲಿ ಜೋಳ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಅದನ್ನು ತೆರೆಯುವುದೆಂದರೆ ಮನೆಯವರೆಲ್ಲ ಕೂಡಿ ತೀರ್ಮಾನಿಸಬೇಕಾದ ಸಂಗತಿ. ಒಬ್ಬನ ಮನಸ್ಸಿಗೆ ಬಂದಾಗ ತೆರೆಯುವಂತಿರಲಿಲ್ಲ. ಇಂದು ಕಿಸೆಯಲ್ಲಿರುವ ಎಟಿಎಂ ಕಾರ್ಡಿಗೂ ಹಗೇವಿಗೂ ಇರುವ ವ್ಯತ್ಯಾಸ ಇದೇ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಹೊಲವಿಲ್ಲದವರ ಕಥೆ ಬೇರೆ. ಇಳಕಲ್ಲಿನ ಸೀರೆಗೆ 2007ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಟೋಪ್ ತೆನಿ ಸೆರಗು, ಒಡಲಿನ ಎಳೆಗೂ ಸೆರಗಿನ ಎಳೆಗೂ ಹಾಕುವ ಕೊಂಡಿ, ಇವೆಲ್ಲ ಹೊರನಾಡಿನವರಿಗೂ ಪರಿಚಿತವಾದವು. ಆದರೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ಅದನ್ನು ನೇಯುವವರ ಮುಪ್ಪಿನ ವಿಚಾರ ಅಷ್ಟಾಗಿ ಯಾರ ಗಮನಕ್ಕೂ ಬರಲಿಲ್ಲ. ನೂಲು ಮಾಲೀಕನದು, ಮಜೂರಿ ನೇಕಾರನದು. ಮಗಳ ಮದುವೆಗೆ ಮುಂಗಡ ಪಡೆದರೆ ಅದು ಸೀರೆಯಿಂದ ಸೀರೆಗೆ ಮುರಿದುಕೊಳ್ಳುತ್ತಾ ಹೋಗುತ್ತದೆ. 1952ರ ಭವಿಷ್ಯ ನಿಧಿ ಕಾಯಿದೆ ಕಾರ್ಖಾನೆಯ ಕಾರ್ಮಿಕನಿಗೆ ಒಂದು ಗಂಟನ್ನು ಕಟ್ಟಿಕೊಟ್ಟಿತು. 1995ರಿಂದ ಅವನಿಗೆ ಅಷ್ಟಿಷ್ಟು ಪಿಂಚಣಿಯೂ ಸೇರಿತು. ಮನೆಯೊಳಗಿನ ಮಗ್ಗ ಕಾರ್ಖಾನೆಯಲ್ಲ. ಹೀಗಾಗಿ ನೇಕಾರನು ಆ ಲೆಕ್ಕದಿಂದ ಹೊರಗುಳಿದನು. ಅವನ ಮನೆಯಲ್ಲಿ ಯಾರೂ ನಿವೃತ್ತರಾಗುವುದಿಲ್ಲ. ನೇಯಲಾಗದ ಅಜ್ಜ ಪಕ್ಕದಲ್ಲಿ ಕುಳಿತು ಕಡಿದ ಎಳೆಗಳನ್ನು ಕೂಡಿಸುತ್ತಾನೆ, ಅಜ್ಜಿ ಕಂಡಿಕೆ ಸುತ್ತುತ್ತಾಳೆ. ಬಸವಣ್ಣನವರು ಐಕ್ಯರಾದ ಕೂಡಲಸಂಗಮ ಇರುವುದು ಇದೇ ಹುನಗುಂದ ಸೀಮೆಯಲ್ಲಿ. ಕಾಯಕಕ್ಕೆ ಬಿಡುವಿಲ್ಲ ಎಂಬುದು ಇಲ್ಲಿ ಗೌರವದ ಮಾತು. ಆದರೆ ಕಾಯಕಕ್ಕೆ ಬಿಡುವಿಲ್ಲದಿದ್ದರೂ ಕಣ್ಣಿಗೆ ಬಿಡುವು ಬೇಕಾಗುತ್ತದೆ. ಐವತ್ತೈದಕ್ಕೆ ಎಳೆ ಕಾಣದಾದವನು ಏನು ಮಾಡಬೇಕು?

ಬಡವರ ಕಾಸನ್ನು ಕೂಡಿಡುವ ಸಂಸ್ಥೆಗಳು ನಮ್ಮಲ್ಲಿ ಇರಲೇ ಇಲ್ಲ ಎನ್ನುವಂತಿಲ್ಲ. ಅಂಚೆ ಕಚೇರಿಯ ಉಳಿತಾಯ ಖಾತೆ 1882ರಷ್ಟು ಹಳೆಯದು. 1904ರ ಸಹಕಾರ ಕಾಯಿದೆ ಬಂದ ಮರುವರ್ಷವೇ, ನಮ್ಮ ಜಿಲ್ಲೆಗೆ ದೂರವಲ್ಲದ ಗದಗಿನ ಬಳಿಯ ಕಣಗಿನಹಾಳದಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಅದು ದೇಶಕ್ಕೇ ಮೊದಲನೆಯದು. ಅಂದಿನಿಂದ ಪತ್ತಿನ ಸಂಘಗಳು ಈ ಭಾಗದ ಊರೂರಿಗೂ ಹಬ್ಬಿವೆ. ಅವುಗಳಿಂದ ಆದ ಉಪಕಾರ ದೊಡ್ಡದು. ಆದರೂ ಒಂದು ವಿಷಯವನ್ನು ಮರೆಮಾಚದೆ ಹೇಳಬೇಕು. ಬ್ಯಾಂಕು ಮುಳುಗಿದರೆ, ಅದು ಸಹಕಾರಿ ಬ್ಯಾಂಕೇ ಆಗಿದ್ದರೂ, ಒಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿಯವರೆಗೆ ಠೇವಣಿ ವಿಮೆಯ ರಕ್ಷಣೆಯಿದೆ. 2020ಕ್ಕೆ ಮುಂಚೆ ಅದು 1 ಲಕ್ಷವಿತ್ತು. ಪತ್ತಿನ ಸಹಕಾರ ಸಂಘಗಳಿಗೂ ಸೌಹಾರ್ದ ಸಹಕಾರಿಗಳಿಗೂ ಆ ವಿಮೆ ಅನ್ವಯಿಸುವುದಿಲ್ಲ. ಫಲಕದ ಮೇಲಿನ ಹೆಸರು ಎರಡಕ್ಕೂ ಹೆಚ್ಚುಕಡಿಮೆ ಒಂದೇ ಬಗೆಯದು. ಒಂದು ಶೇಕಡಾ ಹೆಚ್ಚಿನ ಬಡ್ಡಿಯ ಆಸೆಗೆ ಇಡೀ ಇಡುಗಂಟನ್ನು ಒಂದೇ ಸಂಘದಲ್ಲಿ ಇಟ್ಟು, ಅದು ಬಾಗಿಲು ಮುಚ್ಚಿದಾಗ ಔಷಧಕ್ಕೂ ಕಾಸಿಲ್ಲದಂತಾದ ನಿವೃತ್ತ ದಂಪತಿಗಳನ್ನು ನಾನು ಬಲ್ಲೆ.

ಇನ್ನು ನಮ್ಮ ಜಿಲ್ಲೆಯ ದೊಡ್ಡ ಕಥೆಗೆ ಬರೋಣ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಅಣೆಕಟ್ಟು ಪೂರ್ಣಗೊಂಡು ಲೋಕಾರ್ಪಣೆಯಾಗುವ ಹೊತ್ತಿಗೆ 2006 ಬಂದಿತ್ತು. ನಡುವಿನ ನಾಲ್ಕು ದಶಕಗಳು ಕಾಯುವುದರಲ್ಲೇ ಕಳೆದವು. ಮುಳುಗುವ ಊರೆಂದು ಹೆಸರಾದ ಮೇಲೆ ಮನೆಯ ಗೋಡೆ ಬಿದ್ದರೆ ಕಟ್ಟಲು ಮನಸ್ಸಿಲ್ಲ. ಹೊಲಕ್ಕೆ ಬಾವಿ ತೋಡಲು ಧೈರ್ಯವಿಲ್ಲ. ಅಂಥ ಊರಿಗೆ ಹೆಣ್ಣು ಕೊಡುವವರೂ ಹಿಂದುಮುಂದು ನೋಡುತ್ತಿದ್ದರು. ಘಟಪ್ರಭೆಯ ದಡದ ಬಾಗಲಕೋಟೆಯ ಹಳೆಯ ಓಣಿಗಳು ಒಂದೊಂದಾಗಿ ಬರಿದಾಗಿ, ಜನ ನವನಗರದ ಸೆಕ್ಟರುಗಳಿಗೆ ಹೋದರು. ಆ ನಗರದ ನಕ್ಷೆ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರದು. ನಕ್ಷೆಯಲ್ಲಿ ರಸ್ತೆಗಳಿದ್ದವು, ಉದ್ಯಾನಗಳಿದ್ದವು. ಹಳೆಯ ಓಣಿಯ ಕಿರಾಣಿ ಅಂಗಡಿಯ ಉದ್ರಿ ಖಾತೆಗೆ ಮಾತ್ರ ಯಾವ ನಕ್ಷೆಯಲ್ಲೂ ಜಾಗವಿರಲಿಲ್ಲ. ವಯಸ್ಸಾದವರಿಗೆ ಆ ಉದ್ರಿಯೇ ಒಂದು ಬಗೆಯ ಆಸರೆಯಾಗಿತ್ತು.

ಹಣ ಹೇಗೆ ಬಂತು ಎಂಬುದನ್ನು ಇಂದಿನ ಯುವಕರು ತಿಳಿಯಬೇಕು. 1894ರ ಭೂಸ್ವಾಧೀನ ಕಾಯಿದೆಯಂತೆ ಅಧಿಕಾರಿಗಳು ಮೊದಲು ಐತೀರ್ಪು ಹೊರಡಿಸುತ್ತಿದ್ದರು. ಆ ಮೊತ್ತ ಸಾಲದೆಂದು ತೋರಿದರೆ, ಹದಿನೆಂಟನೆಯ ಕಲಮಿನಂತೆ ನ್ಯಾಯಾಲಯಕ್ಕೆ ಹೋಗಬೇಕು. 1984ರ ತಿದ್ದುಪಡಿಯ ನಂತರ ಬೆಲೆಯ ಮೇಲೆ ಶೇಕಡಾ 30ರಷ್ಟು ಸಾಂತ್ವನ ಧನ, ಹೆಚ್ಚಿಸಿದ ಮೊತ್ತಕ್ಕೆ ಮೊದಲ ವರ್ಷ ಶೇಕಡಾ 9, ಆಮೇಲೆ ಶೇಕಡಾ 15ರ ಬಡ್ಡಿ. ಹೀಗಾಗಿ ಒಂದೇ ಹೊಲದ ಹಣ ಒಂದು ಮನೆಗೆ ಎರಡು ಸಲ ಬಂತು: ಮೊದಲು ಸಣ್ಣ ಗಂಟು, ವರ್ಷಗಳ ನಂತರ ದೊಡ್ಡ ಗಂಟು. ಮೊದಲನೆಯದು ಬಹಳ ಕಡೆ ಹಳೆಯ ಸಾಲಕ್ಕೂ ಮದುವೆಗೂ ಸವೆದುಹೋಯಿತು. ಎರಡನೆಯದು ಬರುವ ಮುಂಚೆಯೇ ಅದರ ಭರವಸೆಯ ಮೇಲೆ ಕೈಗಡ ಹುಟ್ಟಿಕೊಂಡಿತ್ತು. ದೊಡ್ಡ ಗಂಟು ಬಂದ ವಾರದಲ್ಲೇ ಮನೆಯ ಮುಂದೆ ಮೋಟಾರ್ ಸೈಕಲ್ಲು ನಿಂತದ್ದು, ನಂಟರು ಹೆಚ್ಚಾದದ್ದು, ದುಪ್ಪಟ್ಟು ಮಾಡಿಕೊಡುವವರು ಹುಡುಕಿಕೊಂಡು ಬಂದದ್ದು, ಭಿಶಿಯ ಆಟ ಓಣಿಯಿಂದ ಓಣಿಗೆ ಬೆಳೆದದ್ದು, ಇವನ್ನೆಲ್ಲ ಆ ಕಾಲದವರು ಈಗಲೂ ನಗುತ್ತಲೇ ಹೇಳುತ್ತಾರೆ. ಆ ನಗುವಿನ ಹಿಂದೆ ಏನಿದೆ ಎಂಬುದು ಅವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಅವರ ಮಕ್ಕಳಲ್ಲಿ ಕೆಲವರು ಗೋವೆಗೋ ಮಂಗಳೂರಿಗೋ ಗಾರೆ ಕೆಲಸಕ್ಕೆ ಹೋದರು.

ಆದರೆ ಅವರನ್ನು ದುಂದುಗಾರರೆಂದು ಜರೆಯುವುದು ಅನ್ಯಾಯ. ತಲೆತಲಾಂತರದಿಂದ ಅವರಿಗೆ ಗೊತ್ತಿದ್ದುದು ಹೊಲದ ಲೆಕ್ಕ. ಹೊಲಕ್ಕೆ ಮುಂಗಾರು ಹಿಂಗಾರು ಎಂಬ ಕಾಲವಿದೆ. ಅದು ಒಮ್ಮೆಗೇ ಎಲ್ಲವನ್ನೂ ಕೊಡುವುದಿಲ್ಲ, ಬೇಡವೆಂದರೂ ಉಳಿಸಿಕೊಳ್ಳುತ್ತದೆ. ಹಣಕ್ಕೆ ಋತುವಿಲ್ಲ. ಇನ್ನೊಂದು ಸಂಗತಿಯೂ ಇದೆ. ಜೋಳದ ಧಾರಣೆ ಏರಿದರೆ ಹೊಲದ ಹುಟ್ಟುವಳಿಯ ಬೆಲೆಯೂ ಏರುತ್ತದೆ. ಬ್ಯಾಂಕಿನ ಬಡ್ಡಿ ಹಾಗೆ ಏರುವುದಿಲ್ಲ. ನನ್ನನ್ನು ಕೇಳಲು ಬಂದ ಹಿರಿಯರ ಎರಡು ಎಕರೆಗೆ 60 ಲಕ್ಷ ಬರುತ್ತದೆ ಎಂದಿಟ್ಟುಕೊಳ್ಳೋಣ. ಶೇಕಡಾ 7ರ ಬಡ್ಡಿ ಹಿಡಿದರೆ ವರ್ಷಕ್ಕೆ 4 ಲಕ್ಷ 20 ಸಾವಿರ, ತಿಂಗಳಿಗೆ 35 ಸಾವಿರ. ಇದು ಅರಸೊತ್ತಿಗೆಯಂತೆ ಕಾಣುತ್ತದೆ. ಆದರೆ ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ, ಹನ್ನೆರಡು ವರ್ಷಗಳಲ್ಲಿ ಅದೇ 35 ಸಾವಿರಕ್ಕೆ ಇಂದಿನ ಹದಿನೇಳೂವರೆ ಸಾವಿರದ ಸಾಮಾನು ಮಾತ್ರ ಸಿಗುತ್ತದೆ. ಆಗ ಅವರಿಗೆ ಎಪ್ಪತ್ತೈದರ ಹತ್ತಿರದ ವಯಸ್ಸು. ಔಷಧದ ಚೀಟಿ ಉದ್ದವಾಗಿರುತ್ತದೆ. ರೈತನು ಎಷ್ಟೇ ಹಸಿದರೂ ಬೀಜದ ಜೋಳವನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಉಣ್ಣುತ್ತಾನೆ. ಬಡ್ಡಿಯಲ್ಲೂ ಒಂದು ಪಾಲು ಹಾಗೆ ಬೀಜವಾಗಿ ಅಸಲಿಗೆ ಸೇರಬೇಕು. ಈ ಮಾತನ್ನು ಮರುವಾರ ಅವರಿಗೆ ಹೇಳಿದಾಗ, ಬಡ್ಡಿಯ ಲೆಕ್ಕ ಒಪ್ಪದವರು ಬೀಜದ ಲೆಕ್ಕವನ್ನು ತಟ್ಟನೆ ಒಪ್ಪಿದರು.

ಇಂದು ದಾರಿಗಳು ಅಂದಿಗಿಂತ ಹೆಚ್ಚಿವೆ. 60 ತುಂಬಿದವರಿಗೆ ಅಂಚೆ ಕಚೇರಿಯಲ್ಲೂ ಬ್ಯಾಂಕುಗಳಲ್ಲೂ ಹಿರಿಯ ನಾಗರಿಕರ ಉಳಿತಾಯ ಯೋಜನೆ 2004ರಿಂದ ಇದೆ. 2023ರಲ್ಲಿ ಅದರ ಮಿತಿಯನ್ನು ಒಬ್ಬರಿಗೆ 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಲಾಗಿದೆ, ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಇಳಕಲ್ಲಿನ ತರುಣ ನೇಕಾರನಿಗೆ 2015ರ ಅಟಲ್ ಪಿಂಚಣಿ ಯೋಜನೆಯಿದೆ: 18ನೆಯ ವಯಸ್ಸಿನಲ್ಲಿ ಸೇರಿದರೆ ತಿಂಗಳಿಗೆ 210 ರೂಪಾಯಿ ಕಟ್ಟಿ 60ರ ನಂತರ ತಿಂಗಳಿಗೆ 5,000 ಪಡೆಯಬಹುದು, 40ಕ್ಕೆ ಸೇರಿದರೆ ಅದೇ ಪಿಂಚಣಿಗೆ 1,454 ರೂಪಾಯಿ ಕಟ್ಟಬೇಕು, 40 ದಾಟಿದವನಿಗೆ ಬಾಗಿಲು ತೆರೆಯುವುದಿಲ್ಲ. ಅವನ ಪಾಲಿಗೆ 65ರ ನಂತರ ಸಂಧ್ಯಾ ಸುರಕ್ಷಾದ 1,200 ರೂಪಾಯಿ ಮಾತ್ರ. ಸರ್ಕಾರಿ ನೌಕರರು ಸುಖಿಗಳೆಂಬ ಮಾತೂ ಈಗ ಪೂರ್ತಿ ನಿಜವಲ್ಲ. 2006ರ ಏಪ್ರಿಲ್ 1ರ ನಂತರ ರಾಜ್ಯ ಸೇವೆಗೆ ಸೇರಿದವರು ಹೊಸ ಪಿಂಚಣಿ ವ್ಯವಸ್ಥೆಗೆ ಸೇರಿದರು. ಅದರಲ್ಲಿ ಕೊನೆಗೆ ಎಷ್ಟು ಬರುವುದೆಂದು ಮೊದಲೇ ಹೇಳುವಂತಿಲ್ಲ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಮಕ್ಕಳದು. ಹಿರಿಯ ಮಗ ಅಂಗಡಿ ಹಾಕಬೇಕೆನ್ನುತ್ತಾನೆ, ಕಿರಿಯವನು ನಿವೇಶನ ಕೇಳುತ್ತಾನೆ. ಹೊಲ ಇದ್ದಾಗ ಪಾಲು ಮುಂದಕ್ಕೆ ಹೋಗುತ್ತಿತ್ತು. ಹಣ ಬಂದ ದಿನವೇ ಪಾಲಾಗಬೇಕು. ತಂದೆ ಬದುಕಿರುವಾಗಲೇ ಪಾಲು ಕೇಳಿದ ಮಗನ ಸಾಮತಿ ನಮಗೆಲ್ಲ ಬಾಯಿಪಾಠವಾಗಿದೆ. ಆದರೆ ಬದುಕಿರುವ ತನಕ ನಿನ್ನ ಆಸ್ತಿಯ ಮೇಲೆ ಮಗನಿಗಾಗಲಿ ಮಿತ್ರನಿಗಾಗಲಿ ಅಧಿಕಾರ ಕೊಡಬೇಡವೆಂದು ಸಿರಾಖನು ತನ್ನ 33ನೆಯ ಅಧ್ಯಾಯದಲ್ಲಿ ಎಚ್ಚರಿಸಿರುವುದನ್ನು ಓದಿದವರು ಕಡಿಮೆ. ತಂದೆತಾಯಿಯರ ಪೋಷಣೆಯ 2007ರ ಕಾಯಿದೆಯೂ ಇದೇ ಹಾದಿಯದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಮಕ್ಕಳು ನೋಡಿಕೊಳ್ಳದಿದ್ದರೆ, ಆ ದಾನಪತ್ರವನ್ನು ರದ್ದುಪಡಿಸುವಂತೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಯನ್ನು ಕೇಳಬಹುದು. ಷರತ್ತನ್ನು ಪತ್ರದಲ್ಲೇ ಬರೆಸುವುದು ಕ್ಷೇಮ. "ಮಗನ ಮ್ಯಾಲ ಷರತ್ತು ಹಾಕೋದು ಹ್ಯಾಂಗ್ರಿ?" ಎಂದು ಆ ಹಿರಿಯರು ಕೇಳಿದರು. ಜೊತೆಗೆ ಬಂದಿದ್ದ ಅವರ ಪತ್ನಿ ಅಲ್ಲಿಯವರೆಗೆ ಮಾತಾಡಿರಲಿಲ್ಲ. "ಹೊಲದ ಬದುವಿಗೆ ಕಲ್ಲು ನೆಟ್ಟಿಲ್ಲೇನು? ಅದೂ ಹಂಗೆ" ಎಂದರು.

ಹಣ ಇನ್ನೂ ಅವರ ಕೈಗೆ ಬಂದಿಲ್ಲ. ಆ ಹಿಂಗಾರಿಗೂ ಅವರು ಅದೇ ಹೊಲದಲ್ಲಿ ಬಿಳಿಜೋಳ ಬಿತ್ತಿದರು.