ತೂಬಿನ ಲೆಕ್ಕ, ಎದೆಯ ಲೆಕ್ಕ

ತೂಬಿನ ಬಾಯಿ ಎಷ್ಟು ಅಗಲ, ನೀರು ಎಷ್ಟು ರಭಸ ಎಂದು ನೋಡಿ ಗದ್ದೆಗೆ ಹರಿಯುವ ನೀರನ್ನು ಅಂದಾಜು ಮಾಡುವುದು ನಮ್ಮ ಗುಬ್ಬಿ, ಕುಣಿಗಲ್ ಸೀಮೆಯ ರೈತರಿಗೆ ಹೊಸದೇನಲ್ಲ. ಹೃದಯ ಪಂಪು ಮಾಡುವ ರಕ್ತದ ಲೆಕ್ಕವೂ ಇದೇ. ಆದರೆ ಎದೆ ತೆರೆಯದೆ ಈ ಲೆಕ್ಕ ಮಾಡಲು ಮನುಷ್ಯನಿಗೆ ಇನ್ನೂರು ವರ್ಷಕ್ಕೂ ಮಿಗಿಲಾದ ಕಾಲ ಹಿಡಿಯಿತು.

ಕುಣಿಗಲ್ ಎಂದೊಡನೆ ಕುದುರೆ ಫಾರಂ ನೆನಪಾಗುತ್ತದೆ. ಈ ಚರಿತ್ರೆಯ ಆರಂಭದಲ್ಲಿಯೂ ಕುದುರೆಯೇ ಇದೆ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಸತ್ತ ಕುದುರೆಯ ಹೃದಯದ ಎಡಭಾಗಕ್ಕೆ ಕರಗಿದ ಮೇಣ ತುಂಬಿ, ಅದರ ಗಾತ್ರ ಅಳೆದು, ನಾಡಿಬಡಿತದಿಂದ ಗುಣಿಸಿದರು. 1733ರಲ್ಲಿ ಅದನ್ನು ಪ್ರಕಟಿಸಿದರು. 1870ರಲ್ಲಿ ಅಡಾಲ್ಫ್ ಫಿಕ್ ಆಮ್ಲಜನಕದ ಲೆಕ್ಕದಿಂದ ಜೀವಂತ ಹೃದಯವನ್ನು ಅಳೆಯುವ ಸೂತ್ರ ಕೊಟ್ಟರು. ಮನುಷ್ಯರಲ್ಲಿ ಅದನ್ನು ಬಳಸಲು ರಕ್ತನಾಳದೊಳಗೆ ಕೊಳವೆ ತೂರಿಸಬೇಕಾಯಿತು.

1953ರ ಅಕ್ಟೋಬರಿನಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಹೊಸ ದಾರಿ ಹಿಡಿದರು. ಹಡಗು ಕಟ್ಟುವಲ್ಲಿ ಲೋಹದ ಬಿರುಕು ಹುಡುಕುತ್ತಿದ್ದ ಶ್ರವಣಾತೀತ ಧ್ವನಿಯ ಯಂತ್ರವನ್ನು ಎರವಲು ತಂದು, ಹೃದಯದ ಗೋಡೆಯಿಂದ ಮರಳಿದ ಪ್ರತಿಧ್ವನಿಯನ್ನು ದಾಖಲಿಸಿದರು. ನಾವು ‘ಎಕೋ’ ಎನ್ನುವುದು ಇದನ್ನೇ.

ರಕ್ತದ ರಭಸ ತಿಳಿಯಲು 1842ರ ಡಾಪ್ಲರ್ ತತ್ವ ನೆರವಾಯಿತು. ಹತ್ತಿರ ಬರುವ ಬಸ್ಸಿನ ಹಾರ್ನ್ ತಾರಕವಾಗಿಯೂ ದೂರ ಹೋಗುವಾಗ ಮಂದ್ರವಾಗಿಯೂ ಕೇಳುವುದಲ್ಲವೇ? ಹರಿಯುವ ರಕ್ತಕಣಗಳಿಂದ ಮರಳುವ ಧ್ವನಿಯೂ ಹಾಗೆಯೇ ಬದಲಾಗುತ್ತದೆ. ಹೃದಯದಿಂದ ರಕ್ತ ಹೊರಡುವ ದಾರಿ 2 ಸೆಂ.ಮೀ. ಅಗಲವಿದ್ದರೆ ಅದರ ವಿಸ್ತೀರ್ಣ ಸುಮಾರು 3.14 ಚದರ ಸೆಂ.ಮೀ. ಒಂದು ಬಡಿತಕ್ಕೆ ರಕ್ತ 20 ಸೆಂ.ಮೀ. ಮುಂದೆ ಸರಿದರೆ ಹೊರಬಂದದ್ದು ಸುಮಾರು 63 ಮಿ.ಲೀ. ನಿಮಿಷಕ್ಕೆ 72 ಬಡಿತವಾದರೆ ಸುಮಾರು ನಾಲ್ಕೂವರೆ ಲೀಟರ್. ಹತ್ತನೇ ತರಗತಿಯ ಗಣಿತ ಇಷ್ಟಕ್ಕೆ ಸಾಕು.

ಇಂದು ಈ ಪರೀಕ್ಷೆ ತುಮಕೂರು ನಗರದಲ್ಲಿಯೇ ಆಗುತ್ತದೆ. ಹೆಚ್ಚಿನ ಚಿಕಿತ್ಸೆ ಬೇಕಾದವರು ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗುತ್ತಾರೆ. ಎಕೋದಲ್ಲಿ ಸೂಜಿಯಿಲ್ಲ, ಎಕ್ಸ್-ರೇ ಕಿರಣವಿಲ್ಲ. ಎದೆಗೆ ಜೆಲ್ ಹಚ್ಚಿ ನೋಡುತ್ತಾರೆ, ಅಷ್ಟೇ. ಹೆದರಿ ಮುಂದೂಡಬೇಕಾದ ಕಾರಣವಿಲ್ಲ.

ಎಡ್ಲರ್ ಮುಖ್ಯವಾಗಿ ಹುಡುಕಿದ್ದು ಸಂಧಿವಾತ ಜ್ವರದಿಂದ ಕಿರಿದಾದ ಹೃದಯ ಕವಾಟವನ್ನು. ಆ ಜ್ವರ ಹೆಚ್ಚಾಗಿ ಬರುವುದು ಶಾಲಾ ವಯಸ್ಸಿನ ಮಕ್ಕಳಿಗೆ. ಗಂಟಲುನೋವಿನ ಬಳಿಕ ಕೀಲು ಊದಿ ಜ್ವರ ಬಂದರೆ, ಆಡುವಾಗ ಮಗು ಏದುಸಿರು ಬಿಟ್ಟರೆ, ಕಡೆಗಣಿಸಬಾರದು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರ್ಕಾರಿ ಶಾಲೆಗಳಿಗೆ ವೈದ್ಯರ ತಂಡ ಬರುತ್ತಿದೆ. ಆ ದಿನ ಯಾವ ಮಗುವೂ ಗೈರುಹಾಜರಾಗದಂತೆ ನೋಡಿಕೊಳ್ಳುವುದು ಪೋಷಕರ, ಶಿಕ್ಷಕರ ಹೊಣೆ.