ಗಾಯರಾಣದ ಹಕ್ಕಿ

ನವಿಲು ಕೂಗಿದರೆ ಸಾಕು, ನನ್ನ ತಮ್ಮನಿಗೆ ಸಿಟ್ಟು ಬರುತ್ತದೆ. ಯಲವಿಗಿಯ ನಮ್ಮ ತವರಿನ ಹೊಲದಲ್ಲಿ ಶೇಂಗಾ ಬಿತ್ತಿದ ಮರುದಿನವೇ ಹತ್ತು ಹನ್ನೆರಡು ನವಿಲುಗಳು ಬಂದು ಸಾಲು ಹಿಡಿದು ಕಾಳು ಕೆದರುತ್ತವೆ. "ಹೊಡಿಯಂಗಿಲ್ಲ, ಬಡಿಯಂಗಿಲ್ಲ. ರಾಷ್ಟ್ರಪಕ್ಷಿ ಅಂತ ಕೈ ಮುಗದು ಕಳಿಸಬೇಕು ನೋಡಕ್ಕಾ" ಎನ್ನುತ್ತಾನೆ. 1960ರ ದಶಕದಲ್ಲಿ ನಾನು ಹುಡುಗಿಯಾಗಿದ್ದಾಗ ನಮ್ಮ ಹೊಲದಲ್ಲಿ ನವಿಲು ಕಂಡ ನೆನಪೇ ನನಗಿಲ್ಲ. ನವಿಲೆಂದರೆ ಕ್ಯಾಲೆಂಡರಿನಲ್ಲಿ ಸರಸ್ವತಿಯ ಪಕ್ಕ ನಿಂತದ್ದು; ಇಲ್ಲವೆ ಮರಿ ಹಾಕೀತೆಂದು ಪುಸ್ತಕದ ನಡುವೆ ಬಚ್ಚಿಟ್ಟ ಗರಿ.

ಆಗ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹೇಳುತ್ತಿದ್ದುದು ಬೇರೊಂದು ಹಕ್ಕಿಯ ಸುದ್ದಿ. ಆಕೆ ಸೊಸೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ, ಹಿಂಗಾರಿ ಜೋಳ ಕೊಯ್ದ ಮೇಲೆ ಗಾಯರಾಣದ ಅಂಚಿಗೆ ಸೆಗಣಿ ಆರಿಸಲು ಹೋದರೆ ದೂರದಲ್ಲಿ ಅದು ನಡೆದು ಹೋಗುತ್ತಿತ್ತಂತೆ. ಕುರಿಮರಿಯಷ್ಟು ಎತ್ತರ, ಬಿಳಿಯ ಕುತ್ತಿಗೆ, ತಲೆಯ ಮೇಲೆ ಕರೀ ಟೊಪ್ಪಿಗೆ. "ಓಡತಿರಲಿಲ್ಲವಾ. ಗೌಡರ ಹಂಗ ನಡೀತಿತ್ತು." ಅದರ ಹೆಸರು ಎರೆಬೂತ. ನಾವು ಮೊಮ್ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಎರೆಹೊಲದ ದೆವ್ವ ನೋಡಿದ್ದಾಳೆ ಆಯಿ, ಎಂದು.

ಆಯಿ ಸುಳ್ಳು ಹೇಳಿರಲಿಲ್ಲವೆಂದು ನನಗೆ ತಿಳಿದದ್ದು ನಾನು ಕನ್ನಡ ಶಾಲೆಯ ಮಾಸ್ತರಳಾದ ಮೇಲೆ. ಹಕ್ಕಿಗಳ ಪುಸ್ತಕವೊಂದರಲ್ಲಿ ಅದರ ಚಿತ್ರವಿತ್ತು: ಬಿಳಿಯ ಕುತ್ತಿಗೆ, ಕರೀ ಟೊಪ್ಪಿಗೆ, ಆ ನಡಿಗೆ. ಒಂದು ಮೀಟರ್ ಎತ್ತರ. ಗಂಡು ಹದಿನೈದು ಕಿಲೋದವರೆಗೂ ತೂಗುತ್ತದೆ. ಹಾರಬಲ್ಲ ಹಕ್ಕಿಗಳಲ್ಲಿ ಅತಿ ತೂಕದವುಗಳಲ್ಲಿ ಇದೂ ಒಂದು. ಬೆದೆಯ ಕಾಲದಲ್ಲಿ ಗಂಡು ಗಂಟಲ ಚೀಲವನ್ನು ಗಾಳಿ ತುಂಬಿ ಜೋಲುಬಿಟ್ಟು, ದೂರಕ್ಕೆ ಕೇಳುವಂತೆ ಗುಂಯ್‌ಗುಡುತ್ತದೆ. ಸಂಜೆಯ ಹೊತ್ತು ಬಯಲಲ್ಲಿ ಆ ಸದ್ದು ಕೇಳಿದವರೇ ಬೂತವೆಂದು ಹೆಸರಿಟ್ಟಿರಬೇಕು. ಇದು ನನ್ನ ಊಹೆ.

ನವಿಲಿಗೂ ಎರೆಬೂತಕ್ಕೂ ಒಮ್ಮೆ ಪೈಪೋಟಿ ನಡೆದಿತ್ತು. ರಾಷ್ಟ್ರಪಕ್ಷಿ ಯಾವುದಾಗಬೇಕೆಂಬ ಮಾತು ಬಂದಾಗ ಪಕ್ಷಿತಜ್ಞ ಸಲೀಂ ಅಲಿಯವರು ಎರೆಬೂತದ ಪರ ವಾದಿಸಿದ್ದರು. 1963ರಲ್ಲಿ ಪಟ್ಟ ನವಿಲಿಗೆ ಹೋಯಿತು. ಎರೆಬೂತದ ಇಂಗ್ಲಿಷ್ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಕೆಟ್ಟ ಬೈಗುಳವಾಗುತ್ತದೆಂದು ದೊಡ್ಡವರು ಅಂಜಿದರು ಎಂದು ಹೇಳುವವರುಂಟು. ಹೆಸರಿನಿಂದ ಸಂಬಂಧ ತಪ್ಪಿದ ಕನ್ಯೆಯರನ್ನು ನಾವೂ ಕಂಡವರೇ, ನಂಬದೆ ಏನು ಮಾಡುವುದು!

ಆದರೆ ಪಟ್ಟವೊಂದರಿಂದಲೇ ಹಕ್ಕಿ ಹೆಚ್ಚುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಎರಡೂ ಹಕ್ಕಿಗಳನ್ನು ಮೊದಲನೆಯ ಪಟ್ಟಿಯಲ್ಲೇ ಇಟ್ಟಿತು. ಕಾಯ್ದೆ ಒಂದೇ, ಸೀಮೆ ಒಂದೇ. ಹಾಗಿದ್ದೂ ಒಂದು ಬೆಳೆಯಿತು, ಒಂದು ಅಳಿಯಿತು. ಇದರ ಕಾರಣ ಹುಡುಕಲು ನನಗೆ ದೂರ ಹೋಗಬೇಕಾಗಲಿಲ್ಲ. ನಮ್ಮ ಹಾವೇರಿ ಜಿಲ್ಲೆಯಲ್ಲೇ ಎರಡಕ್ಕೂ ಸಾಕ್ಷಿಯಿದೆ.

ಶಿಗ್ಗಾಂವಿ ತಾಲೂಕಿನ ಬಂಕಾಪುರದ ಕೋಟೆಯನ್ನು 2006ರಲ್ಲಿ ನವಿಲುಧಾಮವೆಂದು ಸಾರಿದರು. ಅರವತ್ತು ಕಂಬದ ನಗರೇಶ್ವರ ಗುಡಿ ನೋಡಲು ಹೋದವರಿಗೆ ಕೋಟೆಯೊಳಗಿನ ಪೊದೆಗಳಿಂದ ನವಿಲಿನ ಕೇಕೆ ಕೇಳದೆ ಇರದು. ಅಲ್ಲಿ ಕಿಲಾರಿ ದನಗಳ ತಳಿ ಸಾಕುವ ಕೇಂದ್ರವಿದೆ. ದನಗಳಿಗಾಗಿ ಬೆಳೆದ ಮೇವು, ಸುತ್ತ ಕಂದಕ, ಹಾಳು ಗೋಡೆ, ದಟ್ಟ ಮುಳ್ಳುಕಂಟಿ, ಜನರ ಓಡಾಟ ಕಡಿಮೆ. ನವಿಲಿಗೆ ಇನ್ನೇನು ಬೇಕು? ಕೋಟೆಯ ಹೊರಗೂ ಕಾಲ ಅದರ ಕಡೆಗೇ ತಿರುಗಿತು. ಕೊಳವೆಬಾವಿ ಬಂದವು, ಬೇಸಿಗೆಯಲ್ಲೂ ಹಸುರು ಉಳಿಯಿತು. ಜೋಳದ ಜಾಗಕ್ಕೆ ಗೋವಿನಜೋಳ ಬಂದು ಆಳುದ್ದ ಮರೆಯಾಯಿತು. ಹಳ್ಳದ ದಂಡೆಗೆಲ್ಲ ಬಳ್ಳಾರಿ ಜಾಲಿ ಹಬ್ಬಿತು. ನವಿಲು ಕಾಳು, ಚಿಗುರು, ಹುಳ, ಓತಿಕ್ಯಾತ, ಹಾವಿನ ಮರಿ ಯಾವುದನ್ನೂ ಬಿಡುವುದಿಲ್ಲ. ಹೆಣ್ಣು ಸಾಲಿಗೆ ನಾಲ್ಕಾರು ತತ್ತಿ ಇಡುತ್ತದೆ. ಎರಡು ನಾಯಿಯ ಪಾಲಾದರೂ ಎರಡು ಬದುಕುತ್ತವೆ. ದೇಶದ ಹಕ್ಕಿಗಳ ಸ್ಥಿತಿಗತಿಯ ಬಗ್ಗೆ 2023ರಲ್ಲಿ ಬಂದ ವರದಿಯಲ್ಲಿ, ವೇಗವಾಗಿ ಹೆಚ್ಚಿದ ಹಕ್ಕಿಗಳ ಪೈಕಿ ನವಿಲೂ ಇದೆ.

ಎರೆಬೂತದ ಸಂಸಾರ ಹಾಗಲ್ಲ. ಅದು ಸಾಮಾನ್ಯವಾಗಿ ಇಡುವುದು ಒಂದೇ ತತ್ತಿ, ಅದೂ ಬರಿ ನೆಲದ ಮೇಲೆ. ಕಾವು ಕೊಡುವುದೂ ಮರಿ ಸಾಕುವುದೂ ತಾಯಿಯ ಪಾಲಿಗೆ. ಗಂಡು ತಿರುಗಿ ನೋಡುವುದಿಲ್ಲ. ದನದ ಗೊರಸಿಗೋ ನಾಯಿಯ ಬಾಯಿಗೋ ಆ ಒಂದು ತತ್ತಿ ಸಿಕ್ಕರೆ ಆ ಬಸಿರು ಮುಗಿದಂತೆ. ಇಂಥ ಹಕ್ಕಿಯನ್ನು ದೊಡ್ಡವರು ಮಾಂಸಕ್ಕಾಗಿಯೂ ಮೋಜಿಗಾಗಿಯೂ ಹೊಡೆದರು. ಅಹ್ಮದನಗರ ಜಿಲ್ಲೆಯಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಬ್ರಿಟಿಷನೊಬ್ಬ 1809ರಿಂದ 1829ರವರೆಗೆ 961 ಎರೆಬೂತಗಳನ್ನು ಕೊಂದ ಲೆಕ್ಕ ಬರೆದಿಟ್ಟಿದ್ದಾರೆ. ಒಬ್ಬನೇ ಮನುಷ್ಯ! 1969ರ ಹೊತ್ತಿಗೆ ಇಡೀ ದೇಶದಲ್ಲಿ ಉಳಿದಿದ್ದವು ಸುಮಾರು 1260 ಎಂಬ ಅಂದಾಜಿತ್ತು. ಈಗ ಸುಮಾರು 150. ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆಗಿವೆ. ಅಲ್ಲಿಯೂ ಎದುರಿನದು ಸರಿಯಾಗಿ ಕಾಣದ ಈ ಭಾರದ ಹಕ್ಕಿ ವಿದ್ಯುತ್ ತಂತಿಗೆ ಬಡಿದು ಸಾಯುತ್ತದೆ.

ಬಂದೂಕನ್ನಾದರೂ ಕಾಯ್ದೆ ತಡೆಯಿತು. ನಮ್ಮ ಸೀಮೆಯಲ್ಲಿ ಕಾಯ್ದೆಗೆ ಸಿಗದ ಬೇರೆ ಸಂಗತಿಗಳು ನಡೆದವು. 1972ರಲ್ಲಿ ಧಾರವಾಡದಲ್ಲಿ ಡಾ. ಕಟರಕಿಯವರು ವರಲಕ್ಷ್ಮಿ ಹತ್ತಿಯನ್ನು ಹೊರತಂದರು. ಅದರಿಂದ ನಮ್ಮ ಮನೆಗಳಿಗೆ ಬಂಗಾರ ಬಂತೆಂಬುದನ್ನು ಮರೆಯಲಾರೆ. ನನ್ನ ಮದುವೆಯ ಬಿಲ್ವಾರ ಅದೇ ಹತ್ತಿಯದು. ಹತ್ತಿಯ ಹಿಂದೆಯೇ ಎಣ್ಣೆ ಹೊಡೆಯುವ ಪಂಪೂ ಬಂತು. ಮಿಡತೆ, ಜೀರುಂಡೆ ಸತ್ತವು. ಎರೆಬೂತದ ಊಟವೇ ಅವು.

ಎರಡನೆಯದು ಹುಲ್ಲು. ಎರೆಬೂತಕ್ಕೆ ಮರ ಬೇಡ. ನಾಲ್ಕೂ ದಿಕ್ಕು ದೂರದವರೆಗೆ ಕಾಣುವ ಬಯಲು ಬೇಕು. ವೈರಿ ಬಂದರೆ ನೋಡಬೇಕು, ಗಂಡು ಕುಣಿದರೆ ಹೆಣ್ಣಿಗೆ ಕಾಣಬೇಕು. ಅಂಥ ಬಯಲೆಂದರೆ ಊರೂರಿನ ಗಾಯರಾಣ. ಸರಕಾರದ ಕಾಗದದಲ್ಲಿ ಅದಕ್ಕೆ 'ಪಾಳುಭೂಮಿ' ಎಂದು ಹೆಸರು.

ಪಾಳು ಎಂದ ಮೇಲೆ ಉದ್ಧಾರ ಮಾಡಬೇಡವೆ? 1983ರಿಂದ ಸಾಮಾಜಿಕ ಅರಣ್ಯ ಯೋಜನೆ ಬಂತು, ವಿಶ್ವಬ್ಯಾಂಕಿನ ಹಣ ಬಂತು, ನೀಲಗಿರಿ ಸಸಿ ಬಂದವು. ನಾನು ಏಳನೆಯ ಇಯತ್ತೆಯ ಮಕ್ಕಳನ್ನು ಸಾಲಾಗಿ ಕರೆದುಕೊಂಡು ಹೋಗಿ ಗಾಯರಾಣದಲ್ಲಿ ಇನ್ನೂರು ಸಸಿ ನೆಡಿಸಿದೆ. ಹಾಡು ಹೇಳಿಸಿದೆ. ಚುರುಮುರಿ ಹಂಚಿದೆ. ಆ ದಿನದಷ್ಟು ಸಾರ್ಥಕವೆನಿಸಿದ ದಿನ ನನ್ನ ನೌಕರಿಯಲ್ಲಿ ಇನ್ನೊಂದಿಲ್ಲ. ಆಯಿ ಸೆಗಣಿ ಆರಿಸುತ್ತಿದ್ದ ಅಂಚು ಅದೇ. ಪುಸ್ತಕದ ಚಿತ್ರ ನಾನು ಅಷ್ಟರಲ್ಲಿ ನೋಡಿಯೂ ಆಗಿತ್ತು. ಅದಕ್ಕೂ ಇದಕ್ಕೂ ನಂಟು ಹೊಳೆಯಲಿಲ್ಲ.

ರಾಣೇಬೆನ್ನೂರಲ್ಲೂ ಆದದ್ದು ಇದೇ. ಯಲವಿಗಿಯಲ್ಲಿ ಪ್ಯಾಸೆಂಜರ್ ಹತ್ತಿದರೆ ಹಾವೇರಿ, ಬ್ಯಾಡಗಿ, ದೇವರಗುಡ್ಡ ದಾಟಿ ರಾಣೇಬೆನ್ನೂರು. ಅಲ್ಲಿ 1974ರಲ್ಲಿ 119 ಚದರ ಕಿಲೋಮೀಟರು ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಎರೆಬೂತವೂ ಅಲ್ಲಿತ್ತು, ಅದನ್ನು ನೋಡಲೆಂದೇ ಪಕ್ಷಿಪ್ರಿಯರು ಬರುತ್ತಿದ್ದರು. ಅಭಯಾರಣ್ಯದ ಬಹುಭಾಗ ನೀಲಗಿರಿಯ ನೆಡುತೋಪು. ಕೃಷ್ಣಮೃಗಗಳು ಹೇಗೋ ಹೊಂದಿಕೊಂಡವು, ಹೆಚ್ಚಿದವು, ಸುತ್ತಲಿನ ಹೊಲಕ್ಕೂ ನುಗ್ಗಿದವು. ಎರೆಬೂತ ಕಾಣದಾಯಿತು. ನಾನು ಹೋದಾಗ ನೀಲಗಿರಿಯ ಸಾಲುಗಳ ನಡುವೆ ಜಿಂಕೆಗಳು ನೆಗೆಯುತ್ತಿದ್ದವು, ಬಲು ಚೆಂದ. ಅಲ್ಲಿನ ಮುದುಕನೊಬ್ಬನನ್ನು ಕೇಳಿದೆ. "ಇತ್ತವಾ, ಗಿಡ ಎದ್ದ ಮ್ಯಾಲ ಹೋತು" ಎಂದ. ಈಗ ರಾಜ್ಯದಲ್ಲಿ ಅದರ ಹೆಸರು ಕೇಳುವುದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ, ಅಲ್ಲಿಯೂ ಬೆರಳೆಣಿಕೆ.

ನೀಲಗಿರಿಗೆ ಎದುರು ನಿಂತವರೂ ನಮ್ಮ ಜಿಲ್ಲೆಯವರೇ. 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ರೈತರು, ಹೆಣ್ಣುಮಕ್ಕಳೂ ಕೂಡಿ, ಕಾರಖಾನೆಯ ತಿರುಳಿಗಾಗಿ ಊರಿನ ಸಾಮೂಹಿಕ ಭೂಮಿಯಲ್ಲಿ ನೆಟ್ಟಿದ್ದ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. 'ಕಿತ್ತಿಕೊ-ಹಚ್ಚಿಕೊ' ಎಂದು ಆ ಸತ್ಯಾಗ್ರಹದ ಹೆಸರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಅದರ ಮುಂದಿತ್ತು. ಶಿವರಾಮ ಕಾರಂತರು ಈ ಭೂಮಿಗಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಅವರು ಕೇಳಿದ್ದು ದನಕ್ಕೆ ಮೇವು, ಒಲೆಗೆ ಉರುವಲು. ಆ ಸುದ್ದಿಯನ್ನು ಪೇಪರಿನಲ್ಲಿ ಓದಿ, ನೆಟ್ಟ ಗಿಡ ಕೀಳುವರೆ, ಎಂಥ ಜನ ಎಂದು ನಾನು ಸ್ಟಾಫ್ ರೂಮಿನಲ್ಲಿ ಬೈದದ್ದುಂಟು. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಹೋದ ದೀಪಾವಳಿಗೆ ತವರಿಗೆ ಹೋದಾಗ ತಮ್ಮನೊಡನೆ ಗಾಯರಾಣದ ಕಡೆ ನಡೆದೆ. ನೀಲಗಿರಿಯನ್ನು ಎಷ್ಟು ಸಲ ಕಡಿದರೂ ಬುಡದಿಂದ ಚಿಗುರಿ ನಿಂತಿದೆ. ಕೆಳಗೆ ಹುಲ್ಲಿಲ್ಲ, ಒಣ ಎಲೆ. ಕೊಂಬೆಯ ಮೇಲೆ ಮೂರು ನವಿಲು ಕೂತಿದ್ದವು. ಇದನ್ನೆಲ್ಲ ಬೇರು ಸಹಿತ ತೆಗೆಸಿ ಮೊದಲಿನ ಹಾಗೆ ಹುಲ್ಲು ಬೆಳೆಯಲು ಬಿಡಬಾರದೇಕೆ, ಪಂಚಾಯತಿಯಲ್ಲಿ ಕೇಳಿ ನೋಡು, ಎಂದೆ.

ತಮ್ಮ ನನ್ನ ಮುಖವನ್ನೇ ನೋಡಿದ. "ಹಚ್ಚಿಸಿದಾಕಿ ನೀನs ಅಲ್ಲೇನಕ್ಕಾ?" ಎಂದ.